ಒಂದು ಈಡಿಗೆ ಹನ್ನೊಂದು ತಿಂಗಳು

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಯುತ್ತದೆ ಅಂತ ಯಾರೂ ಹೊಡೆದು ಖಾಲಿಯಾದ ಬಂದೂಕಿನ ತೋಟಾಕ್ಕೆ ಮನೆಯಲ್ಲೇ ಮತ್ತೆ ಮದ್ದಿನ ಪೌಡರ್, ಬುಲೆಟ್ ತುಂಬುವ ಕೆಲಸಕ್ಕೆ ಕೈ ಹಾಕಬೇಡಿ. ನನಗೂ ಹಾಗೇ ಆಸೆ ತೋರಿಸಿದ್ದರು. ಅಂಗಡಿಯಲ್ಲಿ ಇಪ್ಪತ್ತು ತೋಟಾದ ಡಬ್ಬಿಗೆ 55 ಡಾಲರ್, ಮನೆಯಲ್ಲೇ ತುಂಬಿಕೊಂಡರೆ ಅರ್ಧಕ್ಕರ್ಧ ಉಳಿತಾಯ ಅಂತ. ಒಂದೊಂದು ತೋಟಾದ ಲೆಕ್ಕದಲ್ಲಿ ಆ ಮಾತು ಸುಳ್ಳೂ ಅಲ್ಲ. ಆದರೆ ಹನ್ನೊಂದು ತಿಂಗಳಾದ ಮೇಲೆ ಎಲ್ಲ ರಸೀದಿ ಕೂಡಿಸಿ ನೋಡಿದರೆ 800 ಡಾಲರ್ ಹೋಗಿತ್ತು. ಅದೇ ದುಡ್ಡಿಗೆ ಹದಿನಾಲ್ಕು ಡಬ್ಬಿ ಬರುತ್ತಿತ್ತು. ನಾನು ಶಿಕಾರಿಯಲ್ಲಿ ಹೊಡೆದದ್ದು ಒಂದೇ ಒಂದು ಈಡು.

ನಾನು ತೀರ್ಥಹಳ್ಳಿ ಕಡೆಯವನು, ಈಗ ಇರುವುದು ಅಮೆರಿಕದ ಕೊಲರಾಡೊದಲ್ಲಿ. ಊರಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮಾತು: ಇದು ಅಲ್ಲಿ ಮಾಡುವ ಕೆಲಸ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಶಿಕಾರಿ ಅಪರಾಧ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬೇರೆಯೇ ಒಂದು ಅಪರಾಧ. ಇಲ್ಲಿ ಹಾಗಲ್ಲ. ನಮ್ಮ ಸ್ವಂತಕ್ಕೆ ತುಂಬಿಕೊಳ್ಳಲು ಲೈಸೆನ್ಸ್ ಬೇಡ. ಮಾರಲು ಹೊರಟರೆ ಮಾತ್ರ ಬೇಕು.

ಆದರೆ ಅಲ್ಲಿಯವರೆಗೆ ಬರುವುದೇ ಒಂದು ಕಥೆ. ಎಚ್‌1ಬಿಯಂಥ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಇಲ್ಲಿನ ಫೆಡರಲ್ ಕಾನೂನು. ಶಿಕಾರಿ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆ ವಿನಾಯಿತಿ ನಂಬಿಕೊಂಡು ಹೋಗುವ ಧೈರ್ಯ ನನಗೆ ಬರಲಿಲ್ಲ, ಗ್ರೀನ್ ಕಾರ್ಡ್ ಬರುವ ತನಕ ಸುಮ್ನೆ ಕಾದೆ. ನೀವು ವೀಸಾದಲ್ಲಿದ್ದರೆ ವಕೀಲರನ್ನು ಕೇಳದೆ ಗೆಳೆಯನ ಬಂದೂಕನ್ನೂ ಮುಟ್ಟಬೇಡಿ. 2024ರ ಜನವರಿಯಲ್ಲಿ ರೈಫಲ್ ಕೊಳ್ಳಲು ಹೋದರೆ ಮೊದಲ ದಿನವೇ ವಾಪಸ್ ಕಳಿಸಿದರು. ನಾವು ಮನೆ ಬದಲಾಯಿಸಿದ್ದೆವು, ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೇ ವಿಳಾಸ ಇತ್ತು. 4473 ಅನ್ನುವ ಫಾರಂ ತುಂಬಬೇಕು, ಅದರಲ್ಲಿ ಬರೆದ ವಿಳಾಸವೂ ಗುರುತಿನ ಚೀಟಿಯ ವಿಳಾಸವೂ ಒಂದೇ ಆಗಿರಬೇಕು. ಹೊಸ ಕಾರ್ಡು ಅಂಚೆಯಲ್ಲಿ ಬರಲು ಮೂರು ವಾರ. ಆಮೇಲೆ ಹಿನ್ನೆಲೆ ತನಿಖೆ. ಅದು ಬೇಗ ಮುಗಿದರೂ ಕೈಗೆ ಕೊಡುವುದಿಲ್ಲ, ತನಿಖೆ ಶುರುವಾಗಿ ಮೂರು ದಿನ ಆಗಬೇಕು. ಕೊಲರಾಡೊದಲ್ಲಿ 2023ರ ಅಕ್ಟೋಬರಿಂದ ಈ ನಿಯಮ ಇದೆ. ಗ್ರೀನ್ ಕಾರ್ಡ್ ಮತ್ತು ಹೊಸ ವಿಳಾಸದ ಲೈಸೆನ್ಸ್, ಎರಡನ್ನೂ ಮೊದಲೇ ಸರಿಮಾಡಿಕೊಂಡು ಹೋಗಿ.

ಶಿಕಾರಿ ಲೈಸೆನ್ಸಿಗೆ ಇನ್ನೊಂದು ದಾರಿ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರೆಲ್ಲ ಹಂಟರ್ ಎಜುಕೇಶನ್ ಪಾಸಾಗಲೇಬೇಕು. ಆನ್‌ಲೈನ್ ಪಾಠ, ಆಮೇಲೆ ಒಂದು ದಿನದ ತರಗತಿ. ನನ್ನ ಪಕ್ಕ ಹನ್ನೊಂದು ವರ್ಷದ ಹುಡುಗಿ ಕೂತಿದ್ದಳು, ಪರೀಕ್ಷೆಯಲ್ಲಿ ನನಗಿಂತ ಎರಡು ಮಾರ್ಕ್ಸ್ ಜಾಸ್ತಿ ತಗೊಂಡಳು. ಪರವಾನಗಿ ಹಂಚುವುದು ಲಾಟರಿಯಲ್ಲಿ, ಅದಕ್ಕೆ ಅರ್ಜಿ ಹಾಕಲು ಏಪ್ರಿಲ್ ತಿಂಗಳ ಮೊದಲ ಮಂಗಳವಾರ ಕೊನೆ ದಿನ, ರಾತ್ರಿ ಎಂಟು ಗಂಟೆಗೆ ಬಾಗಿಲು ಮುಚ್ಚುತ್ತದೆ. 2024ರಲ್ಲಿ ನನಗೆ ಸಿಗಲಿಲ್ಲ. 2025ರಲ್ಲಿ ಹೆಣ್ಣು ಪ್ರಾಂಗ್‌ಹಾರ್ನ್‌ಗೆ ಟ್ಯಾಗ್ (ಒಂದು ಪ್ರಾಣಿ ಹೊಡೆಯುವ ಪರವಾನಗಿ ಚೀಟಿ) ಸಿಕ್ಕಿತು. ಪ್ರಾಂಗ್‌ಹಾರ್ನ್ ನೋಡಲು ನಮ್ಮ ಕೃಷ್ಣಮೃಗದ ನೆಂಟನ ಹಾಗಿದೆ, ಆದರೆ ನೆಂಟಸ್ತಿಕೆ ಹತ್ತಿರ ಇರುವುದು ಜಿರಾಫೆಗೆ. ಬಯಲಲ್ಲೇ ಇರುತ್ತದೆ, ಕಣ್ಣು ಬಲು ಚುರುಕು, ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ದೂರದಿಂದ ಹೊಡೆಯಬೇಕು, ಹೊಡೆದರೆ ನೆಟ್ಟಗೆ ತಾಗಬೇಕು.

ಮನೆಯಲ್ಲೇ ತುಂಬುವ ಹುಚ್ಚು ಹತ್ತಿದ್ದು ಸೀಸದಿಂದ. ಸಾಮಾನ್ಯ ಬುಲೆಟ್ಟಿನ ಒಳಗೆ ಸೀಸ ಇರುತ್ತದೆ, ಪ್ರಾಣಿಗೆ ತಾಗಿದಾಗ ಸಣ್ಣ ಸಣ್ಣ ಚೂರಾಗಿ ಮಾಂಸದಲ್ಲಿ ಉಳಿಯುತ್ತದೆ. ಕಣ್ಣಿಗೂ ಕಾಣದಷ್ಟು ಸಣ್ಣ ಚೂರು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಶಿಕಾರಿಗೆ ಸೀಸದ ಗುಂಡೇ ಬಳಸುವಂತಿಲ್ಲ. ಇಲ್ಲಿ ಆ ನಿಯಮ ಇಲ್ಲ, ಆದರೆ ನಮ್ಮ ಮಗಳಿಗೆ ನಾಲ್ಕು ವರ್ಷ. ತಿನ್ನುವುದು ಅವಳೂ ಅಲ್ವಾ. ಹಾಗಾಗಿ ಪೂರ್ತಿ ತಾಮ್ರದ ಬುಲೆಟ್ಟೇ ಆಗಬೇಕು ಅಂತ ಹಟ ಹಿಡಿದೆ. ನನ್ನ ರೈಫಲ್ಲಿನ ತೋಟಾದ ಅಳತೆ 308 ವಿಂಚೆಸ್ಟರ್, ಅದಕ್ಕೆ ಅಂಗಡಿಯಲ್ಲಿ ಸಿಗುವ ತಾಮ್ರದ ತೋಟಾ ಒಂದೆರಡು ನಮೂನೆ, ಅವೂ ಒಂದು ವಾರ ಇದ್ದರೆ ಎರಡು ವಾರ ಇರುವುದಿಲ್ಲ. ಸಿಕ್ಕಿದ್ದನ್ನು ಹೊಡೆದು ನೋಡಿದರೆ ನೂರು ಗಜದಲ್ಲಿ ಮೂರು ಇಂಚು ಚದುರುತ್ತಿತ್ತು. ಹೊಡೆದು ಖಾಲಿಯಾದ ಎಂಬತ್ತು ಹಿತ್ತಾಳೆ ಕೇಸು ಮಾತ್ರ ಎತ್ತಿಟ್ಟುಕೊಂಡಿದ್ದೆ.

ಇನ್ನೊಂದು ಕಾರಣವೂ ಇತ್ತು ಅನ್ನಿ. ಅಜ್ಜಯ್ಯನ ಹತ್ತಿರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ತಗೊಂಡ ಕೇಪಿನ ಕೋವಿ ಇತ್ತು. ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರುವುದು, ಮುಗಿದ ಮೇಲೆ ಚೀಟಿ ತೋರಿಸಿ ತರುವುದು. ಗದ್ದೆಗೆ ಹಂದಿ ಇಳಿಯುವ ಕಾಲದಲ್ಲಿ ಸಂಜೆ ಜಗಲಿಯಲ್ಲಿ ಕೂತು, ಬಿದಿರಿನ ಒಂದು ಸಣ್ಣ ಗೊಟ್ಟದಲ್ಲಿ ಮಸಿ (ಕೋವಿಯ ಕರಿ ಮದ್ದು) ಅಳೆದು ನಳಿಗೆಗೆ ಸುರಿಯುತ್ತಿದ್ದರು. ಗೊಟ್ಟದ ಬಾಯಿಗೆ ಸಮವಾಗಿ ಹೆಬ್ಬೆರಳಿನಿಂದ ಒಂದು ಸಲ ಸವರುವುದು, ಆಮೇಲೆ ತೆಂಗಿನ ನಾರು ತುರುಕಿ ಗಜದ ಕೋಲಿನಿಂದ ಗುದ್ದುವುದು. ನಾನು ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಮಸಿ ಅಳೆಯುವಾಗ ಮಾತಿಲ್ಲ, ಅಷ್ಟೇ. ಅದು ಸಿಟ್ಟು ಅಂದುಕೊಂಡಿದ್ದೆ.

2024ರ ನವೆಂಬರಿನಲ್ಲಿ ಸೆಕೆಂಡ್ ಹ್ಯಾಂಡ್ ಪ್ರೆಸ್ ಕಿಟ್ ತಂದೆ, 220 ಡಾಲರ್. ಪ್ರೆಸ್ ಅಂದರೆ ನಮ್ಮ ಶ್ಯಾವಿಗೆ ಒರಳಿನ ತಮ್ಮ. ಹಿಡಿ ಒತ್ತಿದರೆ ಕೇಸು ಮೇಲೆ ಹೋಗಿ ಡೈ ಅನ್ನುವ ಉಕ್ಕಿನ ಅಚ್ಚಿನೊಳಗೆ ಹೊಕ್ಕು ಮತ್ತೆ ಸರಿಯಾದ ಅಳತೆಗೆ ಬರುತ್ತದೆ. ಕೊಟ್ಟವರು ವಯಸ್ಸಾದವರು, ಕಣ್ಣು ಮಂಜಾಯಿತು ಅಂತ ಮಾರುತ್ತಿದ್ದರು. ದುಡ್ಡು ಎಣಿಸಿಕೊಂಡು, ಪುಸ್ತಕ ಓದಿದ್ದೀಯಾ ಅಂತ ಕೇಳಿದರು. ವಿಡಿಯೊ ನೋಡಿದ್ದೇನೆ ಅಂದೆ. ಹಾಗಾದರೆ ಪುಸ್ತಕ ಓದುವ ತನಕ ಡಬ್ಬ ಬಿಚ್ಚಬೇಡ ಅಂದರು. ಬುಲೆಟ್ ಮಾಡುವ ಕಂಪನಿಯೂ ಪೌಡರ್ ಮಾಡುವ ಕಂಪನಿಯೂ ಪರೀಕ್ಷೆ ಮಾಡಿ ಅಚ್ಚು ಹಾಕಿಸಿದ ಅಳತೆ ಪುಸ್ತಕಗಳು ಇರುತ್ತವೆ. ಯಾವ ಬುಲೆಟ್ಟಿಗೆ ಯಾವ ಪೌಡರ್ ಎಷ್ಟರಿಂದ ಶುರು, ಎಷ್ಟಕ್ಕೆ ನಿಲ್ಲಿಸಬೇಕು ಅಂತ. ಎರಡು ಪುಸ್ತಕ ತಂದು ಡಿಸೆಂಬರ್ ಪೂರ್ತಿ ಓದಿದೆ.

ನಾನು ಹಾಕಿದ ಅಳತೆ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನನ್ನ ಬಂದೂಕಿಗೆ ಸರಿಯಾದದ್ದು ನಿಮ್ಮದಕ್ಕೆ ಅಪಾಯ ಆಗಬಹುದು. ಅಳತೆ ಪುಸ್ತಕದಿಂದಲೇ ಬರಲಿ, ಯಾರದೋ ಬಾಯಿಂದ ಬೇಡ. ಹಾಗೇ ಬೇರೆಯವರು ತುಂಬಿಕೊಟ್ಟ ತೋಟಾ ಹೊಡೆಯಬೇಡಿ, ನೀವೂ ಕೊಡಬೇಡಿ.

ಸಾಮಾನು ತರಿಸುವಾಗ ಒಂದು ತಿಳಿದಿರಲಿ. ಪೌಡರ್ ಮತ್ತು ಪ್ರೈಮರ್ (ಅಜ್ಜಯ್ಯನ ಕೇಪಿನ ಹಾಗೆ ಪೌಡರಿಗೆ ಕಿಡಿ ಹೊತ್ತಿಸುವುದು) ಆನ್‌ಲೈನ್‌ನಲ್ಲಿ ಸಿಗುತ್ತವೆ, ಆದರೆ ಅಪಾಯದ ಸರಕು ಅಂತ ಪಾರ್ಸೆಲ್ ಮೇಲೆ ಪ್ರತ್ಯೇಕ ಶುಲ್ಕ ಹಾಕುತ್ತಾರೆ. ಒಂದು ಪೌಂಡ್ ಪೌಡರ್ ತರಿಸಿದರೆ ಅದು ದಂಡ ಕೊಟ್ಟ ಹಾಗೆ. ನಾನು ಅಂಗಡಿಗೇ ಹೋದೆ. ಪೌಡರ್ ಪೌಂಡಿಗೆ 50 ಡಾಲರ್, ನೂರು ಪ್ರೈಮರಿಗೆ 9, ತಾಮ್ರದ ಬುಲೆಟ್ ಐವತ್ತಕ್ಕೆ 48. ಅಪಾರ್ಟ್‌ಮೆಂಟಿನಲ್ಲಿ ಇರುವವರು ಬಾಡಿಗೆ ಕರಾರು ಒಮ್ಮೆ ಓದಿ. ಇಂಥ ಸಾಮಾನು ಬೇಡ ಅಂತ ಬರೆದಿರಬಹುದು. ಪೌಡರನ್ನು ಅದು ಬಂದ ಡಬ್ಬದಲ್ಲೇ ಇಡಬೇಕು, ಬೇರೆ ಡಬ್ಬಕ್ಕೆ ಸುರಿಯಬಾರದು. ಕೋವಿಗೆ ಹಾಕುವ ಮಸಿಯೇ ಬೇರೆ, ರೈಫಲ್ಲಿನ ಹೊಗೆಯಿಲ್ಲದ ಪೌಡರೇ ಬೇರೆ. ಮಸಿಯ ಬದಲು ಈ ಪೌಡರನ್ನು ಕೋವಿಗೆ ಹಾಕಿದರೆ ನಳಿಗೆ ಕೈಯಲ್ಲೇ ಸಿಡಿಯಬಹುದು.

ಜನವರಿ ಮೊದಲ ಶನಿವಾರ ಕೂತೆ. ಐದನೇ ಕೇಸಿಗೇ ಪ್ರೆಸ್ ನಿಂತಿತು. ಕೇಸಿಗೆ ಜಿಡ್ಡು ಹಚ್ಚಬೇಕು, ನಾನು ತೆಳ್ಳಗೆ ಹಚ್ಚಿದ್ದೆ. ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಜೋರಾಗಿ ಎಳೆದೆ, ಕೇಸಿನ ಅಂಚು ಕಿತ್ತುಕೊಂಡು ಬಂತು, ಕೇಸು ಅಲ್ಲೇ ಉಳಿಯಿತು. ಹೊಸ ಡೈ, 55 ಡಾಲರ್. ಎದೆ ಧಸಕ್ಕೆಂದಿತು. ಇದಕ್ಕೂ ಒಂದು ಉಪಕರಣ ಮಾರುತ್ತಾರೆ, 25 ಡಾಲರ್. ಕೇಸಿನ ತಳಕ್ಕೆ ತೂತು ಕೊರೆದು, ಅದರೊಳಗೆ ತಿರುಪಿನ ಗೆರೆ ಕೊರೆದು, ಬೋಲ್ಟ್ ತಿರುಗಿಸಿ ಎಳೆಯುವುದು. ಶುರು ಮಾಡುವವರೆಲ್ಲ ಒಮ್ಮೆ ಇದನ್ನು ಕೊಂಡೇ ಕೊಳ್ಳುತ್ತಾರಂತೆ. ಅಂಗಡಿಯವನು ಏನನ್ನೂ ಕೇಳದೆ ಸೀದಾ ಆ ಶೆಲ್ಫಿಗೇ ಹೋದ. ಹಾಗಂತ ಜಿಡ್ಡು ವಿಪರೀತ ಹಚ್ಚಿದರೆ ಕೇಸಿನ ಭುಜ ನೆಗ್ಗುತ್ತದೆ, ಅದನ್ನೂ ಮಾಡಿ ನೋಡಿದೆ.

ಮನೆಯಲ್ಲೂ ಒಂದು ರಗಳೆಯಾಯಿತು. ಹೊಡೆದ ಕೇಸುಗಳನ್ನು ನಾನು ಅಡುಗೆಮನೆ ಸಿಂಕಿನಲ್ಲಿ ತೊಳೆದಿದ್ದೆ. ಸುಟ್ಟ ಪ್ರೈಮರಿನ ಕರಿಯಲ್ಲಿ ಸೀಸ ಇರುತ್ತದೆ ಅಂತ ಆಮೇಲೆ ಓದಿ ತಿಳಿಯಿತು. ಸೀಸ ಬೇಡ ಅಂತ ಶುರು ಮಾಡಿದ ಕೆಲಸ! ಹೆಂಡತಿಗೆ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಗ್ಯಾರೇಜಿನಲ್ಲಿ ಪ್ರತ್ಯೇಕ ಬಕೆಟ್, ಪ್ರತ್ಯೇಕ ಸೋಪು. ನೀವೂ ಹಾಗೇ ಮಾಡಿ, ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಅಳೆಯುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಗುಲಗಂಜಿ ಇದೆಯಲ್ಲ, ಅದರ ಅರ್ಧದ ಆಸುಪಾಸು ಒಂದು ಗ್ರೇನ್. ತಕ್ಕಡಿ ತೋರಿಸುವುದು ಅದರ ಹತ್ತರಲ್ಲಿ ಒಂದು ಪಾಲು. ಮೊದಲು ಅಗ್ಗದ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟುಕೊಂಡಿದ್ದೆ. ಒಂದೇ ಪೌಡರನ್ನು ಮೂರು ಸಲ ಇಟ್ಟರೆ ಮೂರು ಲೆಕ್ಕ. ಎರಡು ವಾರಾಂತ್ಯ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಮೇಲೆ ಹೀಟರಿನ ಗಾಳಿ ಬೀಸುತ್ತಿತ್ತು. ಕಿಟ್ ಜೊತೆ ಬಂದ ಹಳೇ ದಂಡಿ ತಕ್ಕಡಿ ಧೂಳು ಒರೆಸಿ ಇಟ್ಟೆ. ಹೀಟರ್ ಆರಿಸಿ, ಸ್ವೆಟರ್ ಹಾಕಿಕೊಂಡು, ಉಸಿರು ಬಿಗಿ ಹಿಡಿದು ಒಂದೊಂದೇ ಕಾಳು ಉದುರಿಸುವುದು. ಕಾಳು ಅಂದರೆ ಸಣ್ಣ ಕಡ್ಡಿ ಚೂರಿನ ಹಾಗೆ, ಬೂದು ಬಣ್ಣ. ಎರಡು ಕಾಳು ಬಿದ್ದರೆ ಮುಳ್ಳು ಅಲುಗುತ್ತದೆ. ಒಂದು ದಿನ ಮಗಳು ಬಾಗಿಲಲ್ಲಿ ನಿಂತು ಏನೋ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಎರಡು ನಿಮಿಷ ಬಿಟ್ಟು ತಿರುಗಿ ನೋಡಿದೆ, ಹೋಗಿಬಿಟ್ಟಿದ್ದಳು.

ಅಷ್ಟರಲ್ಲಿ ಕೆಲವು ಅಭ್ಯಾಸ ಕೂತಿತ್ತು. ಮೇಜಿನ ಮೇಲೆ ಒಂದೇ ಪೌಡರ್ ಡಬ್ಬ, ಇನ್ನೊಂದು ಬೀರುವಿನಲ್ಲಿ. ಫೋನ್ ಒಳಮನೆಯಲ್ಲಿ. ಬುಲೆಟ್ ಕೂರಿಸುವ ಮುಂಚೆ ಎಲ್ಲ ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡುವುದು. ಕೇಸಿನ ಉದ್ದ ಅಳೆಯುವುದನ್ನು ಮಾತ್ರ ಸೋಮಾರಿತನಕ್ಕೆ ಬಿಡಬೇಡಿ. ಹೊಡೆದಷ್ಟೂ ಹಿತ್ತಾಳೆ ಉದ್ದವಾಗುತ್ತದೆ. 308ಕ್ಕೆ 2.015 ಇಂಚು ದಾಟಬಾರದು, ದಾಟಿದ್ದನ್ನು 2.005ಕ್ಕೆ ಕತ್ತರಿಸಬೇಕು.

ಫೆಬ್ರವರಿಯಲ್ಲಿ ಹೊಡೆದು ನೋಡಲು ಈಶಾನ್ಯ ಕೊಲರಾಡೊದ ಪಾನೀ ಹುಲ್ಲುಗಾವಲಿಗೆ ಹೋದೆ. ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ, ಗಾಳಿ ಬೇರೆ. ಪುಸ್ತಕದ ಕಮ್ಮಿ ಅಳತೆಯಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಏರಿಸಿ, ಒಂದೊಂದು ಅಳತೆಗೆ ಮೂರು ಈಡು. ಪ್ರತಿ ಮೂರಕ್ಕೂ ನಳಿಗೆ ಆರಲು ಹತ್ತು ನಿಮಿಷ ಕಾಯಬೇಕು. ಇಡೀ ದಿನ ಹೊಡೆದದ್ದು ಇಪ್ಪತ್ತೊಂದು ಈಡು, ಉಳಿದ ಹೊತ್ತೆಲ್ಲ ಕಾರಿನಲ್ಲಿ ಕೂತು ಫ್ಲಾಸ್ಕಿನ ಕಾಫಿ. ಮೇಲಿನ ಒಂದು ಅಳತೆಗೆ ಮೂರು ಗುಂಡೂ ಅರ್ಧ ಇಂಚಿನೊಳಗೆ ಬಿದ್ದವು. ಒಂದು ರೂಪಾಯಿ ನಾಣ್ಯ ಇಟ್ಟರೆ ಮೂರೂ ತೂತು ಮುಚ್ಚಿಹೋಗುತ್ತಿದ್ದವು. ಕುಣಿದಾಡಿದೆ. ಫೋಟೊ ತೆಗೆದು ಊರಿಗೂ ಕಳಿಸಿದೆ. ಅದೇ ಅಳತೆಗೆ ನಲವತ್ತು ತುಂಬಿಟ್ಟೆ. ಕೆಲಸ ಮುಗಿಯಿತು ಅಂದುಕೊಂಡೆ.

ಜುಲೈನಲ್ಲಿ ಅದೇ ಜಾಗ, ಅದೇ ತೋಟಾ, ಆದರೆ 36 ಡಿಗ್ರಿ ಬಿಸಿಲು. ಡಬ್ಬಿ ಕಾರಿನ ಬಾನೆಟ್ ಮೇಲೆ ಇಟ್ಟಿದ್ದೆ, ಅದು ನನ್ನದೇ ದಡ್ಡತನ. ಮೊದಲ ಈಡು ಹೊಡೆದು ರೈಫಲ್ಲಿನ ಬೋಲ್ಟ್ (ಖಾಲಿ ಕೇಸು ಹೊರಗೆಳೆಯುವ ಹಿಡಿ) ಎತ್ತಲು ಹೋದರೆ ಬರಲಿಲ್ಲ. ಅಂಗೈಯಿಂದ ಗುದ್ದಿ ಎತ್ತಿದೆ. ಕೇಸಿನ ತಳದಲ್ಲಿ ಹೊಳೆಯುವ ಒಂದು ದುಂಡು ಗುರುತು ಬಿದ್ದಿತ್ತು, ಪ್ರೈಮರ್ ದೋಸೆ ತಟ್ಟಿದ ಹಾಗೆ ಚಪ್ಪಟೆ. ಈ ಮೂರೂ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇವೆ: ಒತ್ತಡ ಮಿತಿ ಮೀರಿದೆ, ನಿಲ್ಲಿಸು ಅಂತ. ಪೌಡರ್ ಬಿಸಿಯಾದರೆ ಒತ್ತಡ ಏರುತ್ತದೆ. ಕೆಲವು ಪೌಡರ್ ಜಾಸ್ತಿ, ಕೆಲವು ಕಮ್ಮಿ. ನಾನು ಆರಿಸಿದ್ದು ಜಾಸ್ತಿ ಏರುವ ಜಾತಿ, ಮೇಲಿಂದ ನಾನು ಮಿತಿಯ ಹತ್ತಿರ ಕೂತಿದ್ದೆ. ಚಳಿಯಲ್ಲಿ ಸುಮ್ಮನಿದ್ದದ್ದು ಸೆಖೆಯಲ್ಲಿ ಹಲ್ಲು ತೋರಿಸಿತು. ಕೈ ನಡುಗುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ನನ್ನ ಮುಖ ಆ ಬೋಲ್ಟಿನಿಂದ ಒಂದು ಗೇಣು ದೂರ ಇರುತ್ತದೆ.

ಎರಡನೇ ಈಡು ಹೊಡೆಯಲಿಲ್ಲ. ಉಳಿದ ಮೂವತ್ತೊಂಬತ್ತನ್ನೂ ಮನೆಗೆ ತಂದು ಬಿಚ್ಚಿದೆ. ಬಿಚ್ಚುವುದು ಪ್ಲಾಸ್ಟಿಕ್ ಸುತ್ತಿಗೆಯ ಥರದ ಒಂದು ವಸ್ತುವಿನಲ್ಲಿ. ತೋಟಾ ಒಳಗಿಟ್ಟು ನೆಲಕ್ಕೆ ಕುಟ್ಟಿದರೆ ಬುಲೆಟ್ ಸಡಿಲಾಗಿ ಈಚೆ ಬೀಳುತ್ತದೆ. ಒಂದಕ್ಕೆ ಐದಾರು ಏಟು. ರಾತ್ರಿ ಹತ್ತೂವರೆಗೆ ಹೆಂಡತಿ ಬಂದು, "ರೀ, ಈ ಹೊತ್ತಲ್ಲಿ ಗ್ಯಾರೇಜಲ್ಲಿ ಕಾಯಿ ಒಡೀತಿದ್ದೀರಾ?" ಅಂದಳು. ನಡೆದದ್ದು ಹೇಳಿದೆ. ಅವಳು ಸ್ವಲ್ಪ ಹೊತ್ತು ನಿಂತು, "ಅಂಗಡಿದೇ ತಗೊಂಡ್ ಬನ್ನಿ" ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಒಂದು ವಾರ ಗ್ಯಾರೇಜಿನ ದೀಪ ಹಾಕಲಿಲ್ಲ.

ಆಗಸ್ಟಿನಲ್ಲಿ ಸೆಖೆಗೆ ಕಮ್ಮಿ ಬದಲಾಗುವ ಇನ್ನೊಂದು ಪೌಡರ್ ತಂದು ಮತ್ತೆ ಕೆಳಗಿನಿಂದ ಶುರು ಮಾಡಿದೆ. ಈ ಸಲ ಪ್ರೆಸ್ ಮಾರಿದ ಹಿರಿಯರು ಜೊತೆಗೆ ಬಂದರು, ಗುಂಡಿನ ವೇಗ ಅಳೆಯುವ ತಮ್ಮ ಸಣ್ಣ ರಡಾರ್ ಡಬ್ಬಿಯನ್ನೂ ತಂದರು. ಫೆಬ್ರವರಿಯ ಫೋಟೊ ತೋರಿಸಿದೆ. ನಕ್ಕರು. ಮೂರು ಗುಂಡು ಯಾರ ಅದೃಷ್ಟಕ್ಕೂ ಬೀಳುತ್ತವೆ, ಹತ್ತು ಹೊಡೆದು ತೋರಿಸು ಅಂದರು. ಹತ್ತು ಹೊಡೆದರೆ ಆ ಅರ್ಧ ಇಂಚೆಲ್ಲ ಹೋಯಿತು. ಕೊನೆಗೆ ಮಧ್ಯದ ಒಂದು ಅಳತೆಗೆ ನಿಂತೆ. ವೇಗ ಸೆಕೆಂಡಿಗೆ 2700 ಅಡಿ ಆಸುಪಾಸು, ಹತ್ತು ಈಡು ಒಂದೂಕಾಲು ಇಂಚಿನೊಳಗೆ. ಬೆಳಿಗ್ಗೆ ತಂಪಿನಲ್ಲೂ ಮಧ್ಯಾಹ್ನದ ಉರಿಯಲ್ಲೂ ಹೊಡೆದೆ, ಬೋಲ್ಟ್ ಬೆಣ್ಣೆಯ ಹಾಗೆ ಎದ್ದಿತು. ಫೋಟೊ ತೆಗೆಯುವಂಥದ್ದೇನೂ ಅಲ್ಲ. ತಾಮ್ರದ ಬುಲೆಟ್ ಒಂದು ವೇಗಕ್ಕಿಂತ ಕೆಳಗೆ ಬಂದರೆ ಸರಿಯಾಗಿ ಅರಳುವುದಿಲ್ಲ, ಅದಕ್ಕೆ ಕಂಪನಿ ಹೇಳಿದ ವೇಗ ಎಷ್ಟು ದೂರದವರೆಗೆ ಉಳಿಯುತ್ತದೆ ಅಂತ ಲೆಕ್ಕ ಹಾಕಿಕೊಂಡೆ. ನನ್ನ ಕೈಯ ಮಟ್ಟಕ್ಕೆ 250 ಗಜ ಸಾಕು ಅಂತ ಗೆರೆ ಎಳೆದೆ.

ಊರಿಗೆ ಹೋಗಿಬರುವವರಿಗೆ ಇನ್ನೊಂದು ಮಾತು. ಗುಂಡು ಹೊಡೆಯುವ ಜಾಗಕ್ಕೆ ಒಯ್ಯುವ ಬ್ಯಾಗನ್ನು ವಿಮಾನಕ್ಕೆ ಒಯ್ಯಬೇಡಿ. ಬೇರೆ ಯಾವ ಕೆಲಸಕ್ಕೂ ಬಳಸಬೇಡಿ. ಮರೆತು ಉಳಿದ ಒಂದೇ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮೊಕದ್ದಮೆ ಬೀಳಬಹುದು. ಸೆಪ್ಟೆಂಬರಿನಲ್ಲಿ ಹೊರಡುವ ಹಿಂದಿನ ರಾತ್ರಿ ನನ್ನ ಜಾಕೆಟ್ ಜೇಬಿನಲ್ಲೇ ಒಂದು ಖಾಲಿ ಕೇಸು ಸಿಕ್ಕಿತು. ಆಮೇಲೆ ಎಲ್ಲ ಬಟ್ಟೆ ಮೂರು ಸಲ ಜಾಲಾಡಿದೆ.

ಅಕ್ಟೋಬರ್ ಮೊದಲ ವಾರ, ಕಿತ್ತಳೆ ಬಣ್ಣದ ಅಂಗಿ ಟೋಪಿ ಹಾಕಿಕೊಂಡು ಆ ಬಯಲಲ್ಲಿ ಎರಡು ದಿನ ತೆವಳಿದೆ. ಮೊಣಕೈ ತುಂಬ ಪಾಪಾಸುಕಳ್ಳಿ ಮುಳ್ಳು. ಎರಡನೇ ದಿನ ಬೆಳಿಗ್ಗೆ ಎಂಟೂವರೆಗೆ ಒಂಟಿಯಾಗಿ ಮೇಯುತ್ತಿದ್ದ ಹೆಣ್ಣು, 170 ಗಜ. ಅಡ್ಡಡ್ಡ ನಿಂತಿತ್ತು. ಕುದುರೆ ಎಳೆದದ್ದು ನೆನಪಿಲ್ಲ. ಮೂವತ್ತು ಹೆಜ್ಜೆ ಓಡಿ ಬಿತ್ತು. ಹತ್ತಿರ ಹೋಗಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ಟ್ಯಾಗಿಗೆ ಸಹಿ ಹಾಕಿ ಕಟ್ಟಿದೆ, ಬಿಸಿಲು ಏರುವ ಮುಂಚೆ ಮಾಂಸವನ್ನು ಐಸಿನ ಪೆಟ್ಟಿಗೆಗೆ ಸೇರಿಸಿದೆ.

ಸಂಜೆ ಅಪ್ಪಯ್ಯನಿಗೆ ಫೋನ್ ಮಾಡಿದೆ.

"ಎಷ್ಟು ಈಡು ಹೊಡ್ದೆ?"

"ಒಂದೇ, ಅಪ್ಪಯ್ಯ."

"ಕೇಸು?"

"ಜೇಬಲ್ಲಿದೆ."

"ತೊಳ್ದಿಡು ಮತ್ತೆ" ಅಂದರು. ಅಡುಗೆಮನೆಯಲ್ಲಿ ಹೆಂಡತಿ ಶುಂಠಿ ಜಜ್ಜುತ್ತಿದ್ದಳು. ನಾನು ಬಕೆಟ್ ತಗೊಂಡು ಗ್ಯಾರೇಜಿಗೆ ಹೋದೆ.